ಜ್ವರಕ್ಕೆ ಕೂತ ಬಾಟಲಿಗಳು

ಮಧುವನಹಳ್ಳಿ,
ಕೊಳ್ಳೇಗಾಲ ತಾಲ್ಲೂಕು,
೨೯-೧೨-೨೦೨೪, ಭಾನುವಾರ

ಪ್ರೀತಿಯ ಯಜಮಾನರಿಗೆ,

ನಿಮ್ಮ ಮಾಲಿನಿಯ ನಮಸ್ಕಾರಗಳು. ಪುಣೆಯಲ್ಲಿ ಈ ಸಲ ಚಳಿ ಜೋರೆಂದು ಟಿ.ವಿ.ಯಲ್ಲಿ ಹೇಳಿದರು. ಬ್ಯಾಗಿನ ತಳದಲ್ಲಿ ನಾನು ಇಟ್ಟ ಕಂಬಳಿಯನ್ನು ಹೊರಗೆ ತೆಗೆದಿರೋ, ಇಲ್ಲ ಇನ್ನೂ ಅದು ಮಡಿಸಿದ ಹಾಗೇ ಇದೆಯೋ? ಕೆಮ್ಮು ನಿಂತಿತೇ? ಮೆಣಸು ಜೀರಿಗೆ ಪುಡಿಯನ್ನು ಬಿಸಿನೀರಿಗೆ ಹಾಕಿ ಕುಡಿಯಿರಿ ಅಂದಿದ್ದೆ. ಅದನ್ನೂ ಡ್ರಮ್ಮಿಗೆ ಸುರಿದು ಹುಳಿ ಬರಿಸಿ ನೋಡಬೇಡಿ, ದಯವಿಟ್ಟು. ಇಲ್ಲಿ ಅತ್ತೆ ಆರೋಗ್ಯವಾಗಿದ್ದಾರೆ, ಮಂಡಿ ನೋವು ಇದ್ದದ್ದೇ. ಸಿಂಚನಾಗೆ ಮುಂದಿನ ಹಲ್ಲು ಬಿತ್ತು, ಮಾಡಿನ ಮೇಲೆ ಎಸೆದು ಬಂದಳು. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ಗುರುವಾರದಿಂದ ಅನ್ನ ಬಸಿಯುವಾಗ ತಟ್ಟೆ ಜಾರಿದರೂ ಬೆಚ್ಚಿ ಬೀಳುತ್ತಿದ್ದೇನೆ.

ಫೋನಿರುವಾಗ ಇವಳಿಗೇನು ಕಾಗದದ ಹುಚ್ಚು ಅಂದುಕೊಳ್ಳುತ್ತೀರಿ. ಮೊಬೈಲಿಗೆ ಬರೆದರೆ ಮೊದಲು ಓದುವವಳು ನಿಮ್ಮ ಮಗಳು. ಅವಳು ಈಗ ಒತ್ತಕ್ಷರವನ್ನೂ ತಪ್ಪಿಲ್ಲದೆ ಓದುತ್ತಾಳೆ, ಓದಿದ್ದನ್ನು ಜಗಲಿಗೆ ಹೋಗಿ ತಾತನಿಗೆ ಒಪ್ಪಿಸುತ್ತಾಳೆ. ಬಾಯಿಮಾತಿನಲ್ಲಿ ಹೇಳೋಣವೆಂದರೆ ನೀವು ಕರೆ ಮಾಡುವ ಹೊತ್ತಿಗೆ ಅತ್ತೆ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕೂತಿರುತ್ತಾರೆ. ಗುರುವಾರ ನೀವು ಮಾಡಿದಾಗ 'ಎಲ್ಲ ಆರಾಮ' ಅಂದೆನಲ್ಲ, ಅದು ಶುದ್ಧ ಸುಳ್ಳು. ಅದಕ್ಕೇ ಮದುವೆಗೆ ಮುಂಚೆ ಹೊನ್ನೂರಿನಿಂದ ನಿಮಗೆ ಬರೆಯುತ್ತಿದ್ದೆನಲ್ಲ, ಹಾಗೆ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ನಿಂತುಕೊಂಡು ಓದಬೇಡಿ, ಎಲ್ಲಾದರೂ ಕೂತುಕೊಳ್ಳಿ.

ಮೊದಲನೆಯದಾಗಿ, ಮಾವನವರ ಬಲಗೈಗೆ ಕಟ್ಟು ಹಾಕಿದ್ದಾರೆ. ಹೊಲಿಗೆ ಬಿದ್ದಿದೆ. ಬೆರಳೆಲ್ಲ ಆಡುತ್ತವೆ, ಗಾಬರಿ ಬೇಡ ಎಂದು ಡಾಕ್ಟರೇ ಹೇಳಿದರು. ಗಾಯ ಆದದ್ದು ನಿಮ್ಮ ಬಿಯರ್ ಬಾಟಲಿಯಿಂದ. ಇದನ್ನು ಬರೆಯುವಾಗ ನನಗೇ ನಂಬಿಕೆ ಬರುತ್ತಿಲ್ಲ. ಡೇರಿ ಕೆಲಸ ಬಿಟ್ಟು ಆ ಬಿಯರ್ ಕಾಯಿಸುವ ಹೋಟೆಲಿಗೆ ನೀವು ಸೇರಿದ ದಿನ 'ಲಿಂಗ ಕಟ್ಟಿದ ಕೈಲಿ ಎಂಡ ಕಾಯಿಸ್ತನಾ?' ಎಂದು ಕೇಳಿ ಬಾಯಿ ಮುಚ್ಚಿದವರು, ಎರಡು ವರ್ಷದಿಂದ ನಿಮ್ಮ ಹೆಸರೆತ್ತದವರು, ನೀವು ಎದುರಿಗೇ ಊಟಕ್ಕೆ ಕೂತಿದ್ದರೂ 'ಅವನಿಗೆ ಸಾರು ಬುಡು' ಎಂದು ನನಗೆ ಹೇಳುವವರು, ದೀಪಾವಳಿ ರಜೆ ಮುಗಿಸಿ ನೀವು ಹೊಸಿಲಲ್ಲಿ ನಿಂತು ಹೋಗಿ ಬರ್ತೀನಿ ಅಂದರೆ ಸೊಪ್ಪಿನ ಹೊರೆಯ ಕಡೆ ತಿರುಗಿಕೊಂಡವರು, ಅದೇ ನಿಮ್ಮ ಅಪ್ಪ, ದೊಡ್ಡಮಾದಪ್ಪನವರು. ನೀವು ಬಸ್ಸು ಹತ್ತುವಾಗ ನನಗೆ ಹೇಳಿದ ಮಾತು ಮರೆತಿಲ್ಲ. ಅಪ್ಪ ಬಾಯಿ ಬಿಟ್ಟು ಕರೆಯುವ ತನಕ ಈ ಮನೆಗೆ ಬರುವುದಿಲ್ಲ, ಸಂಕ್ರಾಂತಿಗೂ ಇಲ್ಲ, ಬೇಸಿಗೆಗೆ ನಿಮ್ಮಿಬ್ಬರನ್ನೂ ಪುಣೆಗೆ ಕರೆದುಕೊಳ್ಳುತ್ತೇನೆ, ಮನೆ ನೋಡುತ್ತಿದ್ದೇನೆ ಅಂದಿರಿ. ಆವತ್ತಿನಿಂದ ನಾನು ಈ ಮನೆಯ ಒಂದೊಂದು ಕಂಬವನ್ನೂ ಬಿಟ್ಟು ಹೋಗುವವಳ ಹಾಗೆ ನೋಡುತ್ತಿದ್ದೇನೆ. ಅತ್ತೆಗೆ ಇನ್ನೂ ಹೇಳಿಲ್ಲ.

ಈಗ ಬಾಟಲಿ ವಿಷಯ. ಮಾವ ದೀಪಾವಳಿಗೆ ಹನೂರು ದಾರಿ ಹಿಡಿದು ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿದ್ದಾಗ ನೀವು ನಮ್ಮ ಹೊಲದ ರಾಗಿಯನ್ನು ಮೊಳಕೆ ಕಟ್ಟಿ, ಹುರಿದು, ನಮ್ಮ ಬಾವಿ ನೀರಲ್ಲೇ ಆಗಬೇಕು ಎಂದು ಹಠ ಹಿಡಿದು ಅತ್ತೆಗೆ ದನದ ಗಂಜಿ ಎಂದು ಹೇಳಿ ಹಿತ್ತಲ ಒಲೆಯ ಮೇಲೆ ಕಾಯಿಸಿದಿರಿ. ರಾಗಿ ಬಿಯರ್ ಆದರೆ ಹೋಟೆಲಿನವರಿಗೆ ರುಚಿ ತೋರಿಸುತ್ತೇನೆ, ನಮ್ಮ ಊರಿನ ಹೆಸರಿಡುತ್ತೇನೆ ಎಂದು ಏನೇನೋ ಕನಸು. ತಂತಿ ಮುಚ್ಚಳದ ಬಾಟಲಿಗಳಿಗೆ ತುಂಬಿಸಿ ಕಣಜದ ಕೋಣೆಯಲ್ಲಿ ಬಚ್ಚಿಟ್ಟು ಹೊರಟಿರಿ. ಆಮೇಲೆ ನೀವು ಹೇಳಿದಿರೆಂದು ನಾನು ಬಚ್ಚಲಿಗೆ ಒಂದನ್ನು ಒಯ್ದು, ನಲ್ಲಿ ಜೋರಾಗಿ ಬಿಟ್ಟು, ಮುಚ್ಚಳ ತೆಗೆದರೆ ಬುಸ್ ಎಂದು ಸದ್ದು ಬರಬೇಕಲ್ಲ, ಏನೂ ಇಲ್ಲ. ಚೊಂಬಿಗೆ ಬಗ್ಗಿಸಿದರೆ ಒಂದು ಗುಳ್ಳೆಯೂ ಏಳಲಿಲ್ಲ. ನಿಜ ಹೇಳುತ್ತೇನೆ, ಬೆರಳ ತುದಿ ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಆರಿದ ರಾಗಿ ಗಂಜಿಯ ತಿಳಿ ಇದ್ದ ಹಾಗಿತ್ತು. ಉಳಿದದ್ದನ್ನು ನುಗ್ಗೆ ಮರದ ಬುಡಕ್ಕೆ ಸುರಿದೆ. ಮರ ಚೆನ್ನಾಗಿದೆ.

ನೀವು ಫೋನಿನಲ್ಲಿ ಪಾಠ ಮಾಡಿದಿರಿ. ಒಳಗಿರುವ ಯೀಸ್ಟಿಗೆ ಜೀವ ಇದೆ, ಚಳಿಗೆ ಮಲಗಿಬಿಟ್ಟಿದೆ, ಬಾಟಲಿಯನ್ನು ಬೆಚ್ಚಗಿರುವ ಕಡೆ ಇಡು, ತಲೆಕೆಳಗು ಮಾಡಿ ಒಂದು ಸಲ ಅಲುಗಿಸು, ಅದಕ್ಕೂ ಏಳದಿದ್ದರೆ ಬಾಟಲಿಗೆ ಕಾಲು ಚಮಚ ಸಕ್ಕರೆ ಹಾಕಿ ಮುಚ್ಚು, ಜಾಸ್ತಿ ಹಾಕಿದರೆ ಬಾಟಲಿ ಸಿಡಿಯುತ್ತದೆ ಅಂದಿರಿ. ಕಾಲು ಚಮಚ ಎಂದು ಎರಡು ಸಲ ಅಂದಿರಿ, ನನಗೆ ಚೆನ್ನಾಗಿ ನೆನಪಿದೆ. ಹೇಳುವುದು ಸುಲಭ. ಈ ಮನೆಯಲ್ಲಿ ಬೆಚ್ಚಗಿರುವ ಜಾಗ ಎಲ್ಲಿದೆ? ಹಂಡೆ ಒಲೆಯ ಹತ್ತಿರ ಇಟ್ಟರೆ ಬೆಳಗ್ಗೆ ಅತ್ತೆ ಎಡವುತ್ತಾರೆ. ನಿಜವಾಗಿ ಬೆಚ್ಚಗಿರುವುದು ಮಾವ ರೇಷ್ಮೆ ಹುಳ ಸಾಕುವ ಹುಳದ ಮನೆಯೊಂದೇ. ಅದರ ಬೀಗದ ಕೈ ಮಾವನ ಉಡಿದಾರದಲ್ಲಿ. ತಲೆಗೆ ಮಲ್ಲಿಗೆ ಮುಡಿದು ಬಂದರೆ ನನ್ನನ್ನೇ ಹೊರಗೆ ನಿಲ್ಲಿಸುವವರು, ಹುಳಕ್ಕೆ ವಾಸನೆ ಆಗದೆಂದು ಒಗ್ಗರಣೆಯನ್ನೂ ಕಿಟಕಿ ಮುಚ್ಚಿ ಹಾಕಿಸುವವರು, ಅಲ್ಲಿಗೆ ಬಿಯರ್ ಒಯ್ಯುವುದುಂಟೇ? ಹೊನ್ನೂರಿನ ನಮ್ಮ ಮನೆಗೆ ಸಾಗಿಸೋಣವೆಂದರೆ ಅಲ್ಲಿ ನಮ್ಮಪ್ಪ ಇವರಿಗಿಂತ ಒಂದು ಕೈ ಮೇಲು. ಕೊನೆಗೆ ಕೊಟ್ಟಿಗೆಯ ಮೂಲೆಯ ಭತ್ತದ ಹೊಟ್ಟಿನೊಳಗೆ ಹೂತಿಟ್ಟೆ. ಹೊಟ್ಟು ಬೆಚ್ಚಗಿರುತ್ತದೆ, ಯಾರೂ ಕೈ ಹಾಕುವುದಿಲ್ಲ ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದೆ.

ಒಂದು ಮಧ್ಯಾಹ್ನ ಹೋಗಿ ಹೊಟ್ಟಿಗೆ ಕೈ ಹಾಕಿದರೆ ಒಂದೂ ಇಲ್ಲ ಕಣ್ರೀ. ಮೊಣಕೈವರೆಗೆ ತೂರಿಸಿ ತಡಕಿದೆ, ರಾಶಿಯನ್ನೇ ಕೆದರಿದೆ. ನಮ್ಮ ಆಳು ಮಾದಣ್ಣನ ಮೇಲೆ ಅನುಮಾನ ಬಂತು. ಅವನು ತೂರಾಡುತ್ತಾನೇನೋ ಎಂದು ಕದ್ದು ನೋಡಿದೆ, ಪಾಪ, ನೆಟ್ಟಗೇ ನಡೆಯುತ್ತಿದ್ದ. ಅತ್ತೆ 'ಮಾಲಿನಿ' ಎಂದು ಕೂಗಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದು. ನಿಮಗೆ ಹೇಳಲಿಲ್ಲ. ಹೇಳಿದರೆ ನೀವು ಅಲ್ಲಿಂದ ಏನು ಮಾಡುತ್ತಿದ್ದಿರಿ?

ಬಾಟಲಿ ಸಿಕ್ಕಿದ್ದು ಹಿಪ್ಪುನೇರಳೆ ಸೊಪ್ಪು ಕೊಡಲು ಹುಳದ ಮನೆಯ ಬಾಗಿಲಿಗೆ ಹೋದಾಗ. ಹೊರೆ ಇಳಿಸಿ ಒಳಗೆ ಬಗ್ಗಿ ನೋಡಿದೆ. ಕೆಂಡದ ಒಲೆಯ ಪಕ್ಕದ ಮೂಲೆಯಲ್ಲಿ, ಕೆಳಗಿನ ತಟ್ಟೆಯ ಅಡಿಯಲ್ಲಿ, ಗೋಣಿಚೀಲ ಹಾಸಿ ನಿಮ್ಮ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಲಾಗಿತ್ತು! ಸುತ್ತ ಸುಣ್ಣದ ಪುಡಿ ಉದುರಿಸಿತ್ತು. ಮೇಲೆ ಮಾವನ ಹಳೆಯ ಪಂಚೆ ಹೊದಿಸಿತ್ತು. ಮಾವ ಸೊಪ್ಪು ಹರಡುತ್ತಾ, ತಲೆ ಎತ್ತದೆ, 'ಬಾಗ್ಲು ಮುಚ್ಚವ್ವ, ತಣ್ಣನೆ ಗಾಳಿ ಬತ್ತದೆ, ಅವು ಜರಕ್ಕ ಕುಂತವೆ' ಅಂದರು. ತಟ್ಟೆಗಳಲ್ಲಿ ಹುಳಗಳೆಲ್ಲ ಚರಚರ ಸೊಪ್ಪು ಮೇಯುತ್ತಿದ್ದವು. ಜ್ವರಕ್ಕೆ ಕೂತಿದ್ದವು ಬಾಟಲಿಗಳು.

ನಿಮಗೆ ನೆನಪಿರಬೇಕು, ನಾನು ಭತ್ತ ಕಬ್ಬಿನ ಮನೆಯವಳು, ಮದುವೆಯಾದ ಹೊಸದರಲ್ಲಿ ಹುಳಕ್ಕೆ ಜ್ವರ ಬಂದಿದೆ ಅಂದಾಗ ಮಾತ್ರೆ ಹಾಕುವುದಿಲ್ಲವೇ ಎಂದು ಕೇಳಿ ಮನೆಮಂದಿಯೆಲ್ಲ ನಕ್ಕಿದ್ದಿರಿ. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ತಲೆಯೆತ್ತಿ ಅಲುಗದೆ ಮಲಗುವುದಕ್ಕೆ ಜ್ವರ ಅನ್ನುವುದು, ಆಗ ಮುಟ್ಟಬಾರದು, ಮೇವು ಹಾಕಬಾರದು, ಸುಣ್ಣ ಉದುರಿಸಿ ಸುಮ್ಮನಿರಬೇಕು ಎಂದು ಮಾವನೇ ಆಗ ಕೂರಿಸಿಕೊಂಡು ಕಲಿಸಿದ್ದು. ಅದೇ ಮಾವ ನಿಮ್ಮ ಬಿಯರಿಗೂ ಅದೇ ಶುಶ್ರೂಷೆ ನಡೆಸಿದ್ದರು. ಹೊಟ್ಟು ಸುಟ್ಟು ಹುಳದ ಹಾಸಿಗೆಗೆ ಉದುರಿಸಲೆಂದು ಕೊಟ್ಟಿಗೆಗೆ ಹೋದಾಗ ಕೈಗೆ ಬಾಟಲಿ ಸಿಕ್ಕಿತಂತೆ. ಬಿಸಿಲಿಗೆ ಹಿಡಿದು ನೋಡಿದರಂತೆ. ತಳದಲ್ಲಿ ಬೆಳ್ಳಗೆ ಏನೋ ಮಲಗಿದೆ, ಮುಚ್ಚಳ ತೆಗೆದರೆ ನಮ್ಮದೇ ರಾಗಿಯ ವಾಸನೆ. ಯಾರದೆಂದು ಕೇಳುವ ಅಗತ್ಯವೇ ಬೀಳಲಿಲ್ಲ.

ನಾನು, ಮಾವ, ಇದನ್ನು ಎಸೆದುಬಿಡುತ್ತೇನೆ, ತಪ್ಪಾಯಿತು ಅಂದೆ. ಆಗ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: 'ಉಸ್ರಾಡೋ ಪದಾರ್ಥ ಕಣವ್ವ ಇದು. ಗೊತ್ತಿದ್ದೂ ಚಳೀಲಿ ಬುಟ್ಟು ಸಾಯಿಸಕಾದದಾ? ತಪ್ಪು ಮಾಡ್ದೋನು ಅವನು. ಇವೇನ್ ಮಾಡಿದ್ದೊ?' ಅಷ್ಟು ಹೇಳಿ ಮತ್ತೆ ಸೊಪ್ಪಿನ ಕಡೆ ತಿರುಗಿದರು. ನಾನು ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಬೆಳಗ್ಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಹುಳದ ಮನೆಗೆ ಹೋಗಿ, ಮೊದಲು ಹುಳ ನೋಡುವುದು, ಆಮೇಲೆ ಬಿಯರ್ ನೋಡುವುದು. ನಮ್ಮ ಮನೆಯಲ್ಲಿ, ದೊಡ್ಡಮಾದಪ್ಪನವರ ಮನೆಯಲ್ಲಿ! ನೀವು ಹೇಳಿದ ಹಾಗೆ ತಲೆಕೆಳಗು ಮಾಡಿ ಅಲುಗಿಸಬೇಕು ಎಂದು ನನಗೆ ಗೊತ್ತು. ಆದರೆ ಹೇಳುವುದು ಹೇಗೆ? ನೀವು ಹೇಳಿದ್ದು ಎಂದರೆ ಆ ಮಾತೇ ಅಲ್ಲಿಗೆ ಮುಗಿಯುತ್ತದೆ. ಒಂದು ಸಲ ಮೆಲ್ಲಗೆ, ಮಾವ, ವಸಿ ಅಲ್ಲಾಡಿಸಿದರೆ ಏಳುತ್ತವೇನೋ ಅಂದದ್ದಕ್ಕೆ ನನ್ನನ್ನು ಕೊಲೆಗಾತಿಯನ್ನು ನೋಡುವ ಹಾಗೆ ನೋಡಿದರು. ಜ್ವರದಲ್ಲಿರುವುದನ್ನು ಅಲುಗಿಸುವುದು ಮಹಾಪಾಪ. ಹಾಗೆ ಕಾದರು. ಕೆಂಡದ ಶಾಖಕ್ಕೋ, ಅವರ ತಾಳ್ಮೆಗೋ, ಹುಳ ನಾಲ್ಕನೇ, ಅಂದರೆ ಕೊನೆಯ ಜ್ವರ ಎದ್ದ ಹೊತ್ತಿಗೇ ಬಾಟಲಿಗಳೂ ಎದ್ದವು. ಕತ್ತಿನ ಹತ್ತಿರ ಸಣ್ಣ ಗುಳ್ಳೆಗಳ ಸಾಲು ಕಂಡಿತಂತೆ. 'ಎದ್ದೊ ಕಣವ್ವ' ಎಂದು ಅಡುಗೆಮನೆಯ ಬಾಗಿಲಿಗೆ ಬಂದು ಹೇಳಿದರು. ಆ ಮುಖವನ್ನು ನೀವು ನೋಡಬೇಕಿತ್ತು. ಅತ್ತೆ ಹುಳದ ಮಾತು ಅಂದುಕೊಂಡು, ಬೆಟ್ಟದ ಮಾದಪ್ಪ ಕಾಪಾಡಿದ ಎಂದು ಕೈ ಮುಗಿದರು.

ಅಲ್ಲಿಗೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು ಅನ್ನುತ್ತೀರಿ ನೀವು. ನನಗೂ ಗೊತ್ತು. ಆದರೆ ಜ್ವರ ಎದ್ದ ಹುಳಕ್ಕೆ ಮೇವು ಹಾಕದೆ ಬಿಡುವ ರೈತ ಯಾರಿದ್ದಾರೆ? ಮಾವ ಅಡುಗೆಮನೆಗೆ ಬಂದು ಬೆಲ್ಲದ ಅಚ್ಚು ಕೇಳಿದಾಗ ನನಗೆ ಹೊಳೆಯಿತು. ಹಿಂದೆಯೇ ಓಡಿದೆ. ಅಷ್ಟರಲ್ಲಿ ಮುಚ್ಚಳಗಳನ್ನು ತೆಗೆದು, ಬೆಲ್ಲವನ್ನು ಚಿಟಿಕೆಯಲ್ಲಲ್ಲ, ಗೋಲಿ ಗಾತ್ರದ ಉಂಡೆ ಮಾಡಿ ಒಂದೊಂದಕ್ಕೆ ಎರಡು, ಮೂರು ಇಳಿಬಿಡುತ್ತಿದ್ದರು. ನೊರೆ ಉಕ್ಕಿ ಬರುತ್ತಿದ್ದರೆ 'ನೋಡವ್ವ, ಎಷ್ಟು ಅಸಿದವೆ' ಅನ್ನುತ್ತಿದ್ದರು. ಧೈರ್ಯ ಮಾಡಿ, ಮಾವ, ಕಾಲು ಚಮಚ ಸಾಕಂತೆ ಅಂದೆ. ಯಾರು ಹೇಳಿದ್ದು ಎಂದು ಅವರು ಕೇಳಲಿಲ್ಲ, ಕೇಳದಿದ್ದರೂ ಗೊತ್ತಿತ್ತು. 'ನಾಕ್ನೇ ಜರ ಎದ್ದ ಹುಳಕ್ಕ ಚಮಚದಲ್ಲಿ ಅಳೆದು ಸೊಪ್ಪು ಆಕ್ತಾರೇನವ್ವ? ಈಗ ತಿಂದಷ್ಟೇ ತಿಂದದ್ದು' ಎಂದು ಮುಚ್ಚಳ ಬಿಗಿದು, ಪಂಚೆ ಹೊದಿಸಿ, ಬೀಗ ಹಾಕಿದರು. ಸಿಡಿಯುತ್ತದಂತೆ ಎಂದು ಹೇಳಲು ಬಾಯಿ ತೆರೆದೆ. ಆ ಸಂತೋಷದ ಮುಖ ನೋಡಿ, ಹೇಳದೆ, ಮಿಕ್ಕ ಬೆಲ್ಲ ಎತ್ತಿಕೊಂಡು ಬಂದುಬಿಟ್ಟೆ. ಅದಕ್ಕೆ ನನ್ನನ್ನು ಬೈಯಿರಿ, ಬೈಸಿಕೊಳ್ಳುತ್ತೇನೆ.

ಗುರುವಾರ ಬೆಳಗ್ಗೆ ಅತ್ತೆ ಪೂಜೆಗೆ ಕೂತಿದ್ದರು. ಮಾವ ಮಾದಣ್ಣನ ಜೊತೆ ತೋಟದಲ್ಲಿ ಸೊಪ್ಪಿನ ಕಡ್ಡಿ ಕೊಯ್ಯುತ್ತಿದ್ದರು. ಡಬ್ ಎಂದು ಸದ್ದಾಯಿತು. ಟ್ರಾನ್ಸ್‌ಫಾರ್ಮರ್ ಹೋಯಿತು ಅಂದುಕೊಂಡು ಫ್ಯಾನಿನ ಕಡೆ ನೋಡಿದೆ, ತಿರುಗುತ್ತಿತ್ತು. ಇನ್ನೊಂದು ಡಬ್. ಅದು ಹುಳದ ಮನೆಯಿಂದ. ಮಾವ ತೋಟದಿಂದ ಓಡಿಬಂದರು. ರುಮಾಲು ಬಿಚ್ಚಿಹೋಗಿ ಹೆಗಲ ಮೇಲೆ ಜೋಲಾಡುತ್ತಿತ್ತು. ನಾನು ಬಂದು ಹತ್ತು ವರ್ಷವಾಯಿತು, ಅವರು ಓಡಿದ್ದನ್ನು ನೋಡಿಯೇ ಇರಲಿಲ್ಲ. ಬೀಗ ತೆಗೆದರು. ನನ್ನ ಮಲ್ಲಿಗೆಯ ವಾಸನೆಯನ್ನೂ ಒಳಗೆ ಬಿಡದ ಆ ಮನೆಯಿಂದ ಹುಳಿ ರಾಗಿಯ ವಾಸನೆ ಬಾಗಿಲಿಗೇ ಬಂದು ಮುಖಕ್ಕೆ ಹೊಡೆಯಿತು. ಗೋಡೆಯ ಮೇಲೆ ನೊರೆ, ಜಂತೆಯಿಂದ ತೊಟತೊಟ ನೊರೆ, ಕೆಳಗಿನ ತಟ್ಟೆಯ ಹುಳಗಳೆಲ್ಲ ನೆಂದು ಹೋಗಿದ್ದವು.

ಮಾವ ತಟ್ಟೆಯ ಕಡೆಗೆ ಹೋಗುತ್ತಾರೆ ಅಂದುಕೊಂಡೆ. ಅವರ ಪ್ರಾಣವೇ ಆ ಹುಳಗಳಲ್ಲಿ ಅಲ್ಲವೇ? ಆದರೆ ಅವರು ತಟ್ಟೆಯನ್ನು ದಾಟಿ ನೇರ ಬಾಟಲಿಗಳ ಹತ್ತಿರ ಹೋಗಿ ಮಂಡಿಯೂರಿದರು. ಗೋಣಿಚೀಲ ನೆನೆಸಿ ಮೇಲೆ ಹಾಕಿ, ಕೈಯನ್ನು ಅದರ ಅಡಿಗೆ ತೂರಿಸಿ, ಒಂದೊಂದೇ ಮುಚ್ಚಳ ಬಿಚ್ಚತೊಡಗಿದರು. 'ಉಸ್ರು ಕಟ್ಟದೆ ಕಣ್ಲಾ ಮಾದ, ಬಾ, ಮುಚ್ಚಳ ತೆಗಿ, ಬಾರ್ಲಾ!' ಎಂದು ಕೂಗುತ್ತಿದ್ದರು. ಮಾದಣ್ಣ ಹೊಸಿಲು ದಾಟಲಿಲ್ಲ, ಅವನನ್ನು ದೂರುವುದಿಲ್ಲ. ನಾನು, ಮಾವ ಬಿಡಿ, ಮಾವ ಬನ್ನಿ ಎಂದು ಅಳುತ್ತಿದ್ದೆ. ಕೆಲವು ಬುಸ್ಸೆಂದು ನೊರೆ ಕಕ್ಕಿ ಸುಮ್ಮನಾದವು. ಇನ್ನೊಂದು ಅವರ ಅಂಗೈಯ ಅಡಿಯಲ್ಲೇ ಸಿಡಿಯಿತು. ಚೀಲ ಕೆಂಪಾಯಿತು. ಅವರು ಕೈ ನೋಡಿಕೊಳ್ಳಲಿಲ್ಲ, ಉಳಿದ ಮುಚ್ಚಳಗಳನ್ನು ಎಡಗೈಯಲ್ಲಿ ಬಿಚ್ಚಿದರು. ಅಷ್ಟು ಹೊತ್ತಿಗೆ ಅತ್ತೆ ಪೂಜೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಸೆರಗು ಹರಿದು ಕೈಗೆ ಸುತ್ತಿದರು.

ಆಟೋದಲ್ಲಿ ಕೊಳ್ಳೇಗಾಲಕ್ಕೆ ಹೋಗುವಾಗ ದಾರಿಯುದ್ದಕ್ಕೂ ನಾನು ಸುಳ್ಳು ಹೊಸೆದೆ. ಸೋಡಾ ಬಾಟಲಿ ಒಡೆಯಿತು ಎಂದು ಹೇಳೋಣ, ಮಾವ, ನಾನೇ ಹೇಳುತ್ತೇನೆ ಅಂದೆ. ಆಸ್ಪತ್ರೆಯಲ್ಲಿ ಸಾಲು ಉದ್ದ ಇತ್ತು. ಸಾಲಿನಲ್ಲಿ ಯಾರು ಅಂತೀರಿ? ನಮ್ಮೂರ ಚಿಕ್ಕಮಾದಪ್ಪನವರು, ಮಂಡಿ ತೋರಿಸಲು ಬಂದವರು. ಅವರೂ ಮಾವನೂ ಕಟ್ಟೆಯ ಮೇಲೆ ಕೂತು ಕುಡುಕರಿಗೆ ನ್ಯಾಯ ಹೇಳಿದ ಜೋಡಿ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನರ್ಸಮ್ಮ ಗಾಜು ತೆಗೆಯುತ್ತಾ, ಏನಜ್ಜ ಇದು, ಹೇಗಾಯ್ತು ಎಂದು ಕೇಳಿದಳು. ನಾನು ಸೋ... ಅಂದೆ. ಮಾವ ನನ್ನ ಮಾತಿನ ಮೇಲೆಯೇ, ಸಾಲಿಗೆಲ್ಲ ಕೇಳುವ ಹಾಗೆ, 'ನನ್ ಮಗ ಬಿಯರ್ ಮಾಡಿದ್ದ ಕಣವ್ವ. ನಾನು ವಸಿ ಮೇವು ಜಾಸ್ತಿ ಆಕ್ಬುಟ್ಟೆ' ಅಂದರು.

ನನ್ ಮಗ. ರೀ, ಎರಡು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು, ಅದೂ ಚಿಕ್ಕಮಾದಪ್ಪನವರ ಎದುರಿಗೆ. ಚಿಕ್ಕಮಾದಪ್ಪನವರು ಮಂಡಿ ನೋವು ಮರೆತು ಎದ್ದು ನಿಂತರು. 'ಏನ್ ಮಾದಪ್ಪಣ್ಣ, ನಿನ್ ಮನೇಲಿ ಬಿಯರಾ?' ಅಂದರು. 'ಊಂ, ನಮ್ ರಾಗೀದು' ಅಂದರು ಮಾವ, ಹೊಲದಲ್ಲಿ ಬಂದ ಬೆಳೆಯ ವಿಷಯ ಹೇಳಿದಷ್ಟು ಸಲೀಸಾಗಿ. 'ಅಬ್ಕಾರಿಯೋರು ಬತ್ತಾರೆ ಕಣಣ್ಣ' ಅಂದರೆ, 'ಬರ್ಲಿ. ಎಲ್ಲಾ ಚೆಲ್ಲೋಗದೆ, ಗ್ವಾಡೆ ನೆಕ್ಕಾರಾ?' ಅಂದರು. ನರ್ಸಮ್ಮ ಮುಖ ತಿರುಗಿಸಿಕೊಂಡು ನಕ್ಕಳು. ನಾನು ನಗಲೋ ಅಳಲೋ ತಿಳಿಯದೆ ಗೋಡೆಯ ಮೇಲಿನ ಲಸಿಕೆ ಚಿತ್ರ ನೋಡುತ್ತಾ ನಿಂತೆ. ಇಷ್ಟು ಹೊತ್ತಿಗೆ ಮಧುವನಹಳ್ಳಿಯಲ್ಲಿ ಇದು ಗೊತ್ತಿಲ್ಲದ ಮನೆ ಇಲ್ಲ.

ಮನೆಗೆ ಬಂದ ಮೇಲೆ ಅತ್ತೆ ಬೈಯುತ್ತಾರೆ ಎಂದು ಕಾದೆ. ಅವರು ಹುಳದ ಮನೆಯ ಗೋಡೆ ಒರೆಸುತ್ತಾ, ಒಲೆಯ ಪಕ್ಕದ ಆ ಮೂಲೆ ತೋರಿಸಿ, ನಿಮ್ಮ ಹೆಸರೆತ್ತಿ, 'ಶಾಂತೂನ್ನೂ ಇಲ್ಲೇ ಮಡಗಿದ್ರು' ಅಂದರು. ನನಗೆ ಅರ್ಥವಾಗಲಿಲ್ಲ. ನೀವು ಏಳು ತಿಂಗಳಿಗೇ ಹುಟ್ಟಿದಿರಂತೆ, ಇಂಥದೇ ಮಾಗಿ ಚಳಿಯಲ್ಲಿ. ಅಂಗೈ ಅಗಲ ಇದ್ದಿರಂತೆ. ಊರಿನವರು ಕೂಸು ಉಳಿಯುವುದಿಲ್ಲ ಅಂದರಂತೆ. ಮಾವ ಹುಳದ ತಟ್ಟೆಯ ಮೇಲೆ ಹತ್ತಿ ಹಾಸಿ, ತಮ್ಮ ಪಂಚೆಯಲ್ಲಿ ನಿಮ್ಮನ್ನು ಸುತ್ತಿ, ಆ ಒಲೆಯ ಪಕ್ಕದಲ್ಲಿ ಇಟ್ಟುಕೊಂಡು, ಹುಳಕ್ಕೆ ಸೊಪ್ಪು ಹಾಕುತ್ತಾ ನಿಮ್ಮ ಉಸಿರು ನೋಡುತ್ತಾ ಆ ಬೆಳೆ ಮುಗಿಯುವ ತನಕ ಅಲ್ಲೇ ಇದ್ದರಂತೆ. ಅಳಬೇಡ ಎಂದು ಅತ್ತೆಗೆ ಹೇಳುತ್ತಿದ್ದರಂತೆ, 'ಜರಕ್ಕ ಕುಂತದೆ, ಎದ್ದದೆ ಬುಡು' ಎಂದು. ಇದು ನಿಮಗೆ ಗೊತ್ತಿತ್ತೇ? ಗೊತ್ತಿದ್ದರೆ ನನಗೆ ಯಾಕೆ ಹೇಳಲಿಲ್ಲ? ಗೊತ್ತಿಲ್ಲದಿದ್ದರೆ ಈಗ ತಿಳಿದುಕೊಳ್ಳಿ. ನಾನು ಆ ಮೂಲೆಯಲ್ಲೇ ಕೂತು ಚೆನ್ನಾಗಿ ಅತ್ತುಬಿಟ್ಟೆ.

ಈಗ ಮನೆಯ ಸ್ಥಿತಿ ಹೀಗಿದೆ. ನೆಂದ ತಟ್ಟೆಯ ಹುಳ ಹೋದವು. ಉಳಿದವು ಹಣ್ಣಾಗುತ್ತಿವೆ, ಇವತ್ತು ಮೊದಲನೆಯವನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಬಿಟ್ಟದ್ದು ನಾನು. ಹೌದು, ಮಾವನಿಗೆ ಕೈ ಆಗದೆ ಹುಳದ ಮನೆಯ ಬೀಗದ ಕೈ ನನ್ನ ಸೊಂಟಕ್ಕೆ ಬಂದಿದೆ. ಮೂರು ದಿನದಿಂದ ತಲೆಗೆ ಎಣ್ಣೆಯಿಲ್ಲ, ಹೂವಿಲ್ಲ. ಮಾವನಿಗೆ ವಿಭೂತಿಯನ್ನು ಅತ್ತೆ ಹಚ್ಚುತ್ತಾರೆ, ಊಟ ಸಿಂಚನಾ ತಿನ್ನಿಸುತ್ತಾಳೆ, ತಾತನಿಗೆ ತುತ್ತಿಗೊಂದು ಕಥೆ. ನಿಮ್ಮ ಬಾಟಲಿಗಳಲ್ಲಿ ತುಂಬಿದ್ದು ಒಂದೇ ಒಂದು ಉಳಿದಿದೆ, ಬೆಲ್ಲ ಹಾಕುವಾಗ ಅದೊಂದು ಅವರ ಕಣ್ಣಿಗೆ ಬಿದ್ದಿರಲಿಲ್ಲವಂತೆ. ಅದನ್ನು ಅದೇ ಪಂಚೆಯಲ್ಲಿ ಸುತ್ತಿ ತಮ್ಮ ಮಂಚದ ತಲೆಯ ಕಡೆ ಇಟ್ಟುಕೊಂಡಿದ್ದಾರೆ. ಅವರು ಅದರ ತೊಟ್ಟನ್ನೂ ಬಾಯಿಗೆ ಇಡುವವರಲ್ಲ, ನಿಮಗೆ ಗೊತ್ತು. ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮ ಬಗ್ಗೆ ಒಂದು ಮಾತೂ ಆಡಿಲ್ಲ. ಕೋಪವೋ, ನಾಚಿಕೆಯೋ ನನಗೆ ತಿಳಿಯುತ್ತಿಲ್ಲ. ಆದ್ದರಿಂದ ಬನ್ನಿ ಎಂದು ನಾನಾಗಿ ಬರೆಯುವುದಿಲ್ಲ. ಅಪ್ಪ ಕರೆಯಬೇಕು ಅಂದವರು ನೀವು, ಹೆಂಡತಿ ಕರೆದರೆ ಲೆಕ್ಕಕ್ಕಿಲ್ಲ. ಪುಣೆಯಲ್ಲಿ ಮನೆ ನೋಡುವುದನ್ನು ಮಾತ್ರ ಸ್ವಲ್ಪ ನಿಧಾನ ಮಾಡಿ. ಅಷ್ಟು ಕೇಳುವ ಹಕ್ಕು ನನಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕಂಬಳಿ ಹೊದೆಯಿರಿ. ಅಲ್ಲಿ ಗಾಜಿನ ಬಾಟಲಿಗಳ ಹತ್ತಿರ ಕೆಲಸ ಮಾಡುವಾಗ ಕೈ ಜೋಪಾನ, ಒಂದು ಕೈ ನೋಡಿಯೇ ಸಾಕಾಗಿದೆ. ಅತ್ತೆಯ ಆಶೀರ್ವಾದಗಳು, ನಿಮ್ಮ ಬೊಚ್ಚು ಬಾಯಿ ಮಗಳ ಮುತ್ತುಗಳು. ಮಾದಪ್ಪ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ,
ಮಾಲಿನಿ

ವಿ.ಸೂ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ವಕ್ರವಾದರೆ ಕ್ಷಮಿಸಿ. ಮಾವ ಈಗ ತಾನೇ ಬಾಗಿಲಿಗೆ ಬಂದರು. 'ಅವನಿಗಾ ಬರೀತಿರದು?' ಅಂದರು. ಹೂಂ ಅಂದೆ. ಕಟ್ಟು ಹಾಕಿದ ಕೈಯನ್ನು ಎಡಗೈಯಲ್ಲಿ ಹಿಡಿದು ಬಾಗಿಲಿಗೆ ಒರಗಿದರು. ಆಮೇಲೆ, 'ಜರ ಎದ್ದ ಮ್ಯಾಲೆ ಬೆಲ್ಲ ಎಷ್ಟು ಆಕ್ಬೇಕಿತ್ತು ಅಂತ ನಮ್ ಶಾಂತೂನ ಕೇಳು' ಅಂದರು. ಕಾಲು ಚಮಚ ಎಂದು ನಾನು ಆವತ್ತೇ ಹೇಳಿದ್ದೆನಲ್ಲ, ಮತ್ತೆ ಹೇಳಲು ಬಾಯಿ ತೆರೆದೆ. 'ನಿನ್ನ ಕೇಳ್ನಿಲ್ಲ ಕಣವ್ವ, ಅವನ್ನ ಕೇಳಿದ್ದು' ಅಂದರು. ಎರಡು ಹೆಜ್ಜೆ ಹೋದವರು ತಿರುಗಿ ನಿಂತು, 'ಕಾಗ್ದದಲ್ಲಿ ಬ್ಯಾಡ, ಫೋನಲ್ಲೂ ಬ್ಯಾಡ. ಬಂದ್ ಯೋಳ್ಲಿ ಅನ್ನು' ಅಂದರು.